ಜರ್ಮನಿಲಿ ಇದ್ಕೊಂಡು ಎರಡೂ ದೇಶಕ್ಕೆ ಟ್ಯಾಕ್ಸ್ ಫೈಲ್ ಮಾಡೋದು ಹೇಗೆ, ಅದಕ್ಕೆ ಕಂಪ್ಯೂಟರಲ್ಲಿ ಯಾವ ಓಎಸ್ ಇರಬೇಕು

ಜರ್ಮನಿಲಿ ಕೆಲಸ ಮಾಡ್ಕೊಂಡು ಊರಲ್ಲಿ ಒಂದು ಎನ್‌ಆರ್‌ಓ ಅಕೌಂಟು (ಹೊರದೇಶದಲ್ಲಿ ಇರೋರು ಊರಿನ ಆದಾಯ ಇಡೋ ಬ್ಯಾಂಕ್ ಖಾತೆ), ಸ್ವಲ್ಪ ಎಫ್‌ಡಿ, ಬಾಡಿಗೆಗೆ ಕೊಟ್ಟಿರೋ ಒಂದು ಫ್ಲ್ಯಾಟು ಇಟ್ಕೊಂಡಿರೋರಿಗೆ ಜುಲೈ 31 ಅನ್ನೋ ತಾರೀಖು ಎರಡು ಸಲ ತಲೆಮೇಲೆ ಕೂತಿರುತ್ತೆ. ಭಾರತದ ಐಟಿಆರ್‌ಗೂ ಸಾಮಾನ್ಯವಾಗಿ ಅದೇ ಕೊನೆ ದಿನ, ಸ್ಟೋಯರ್‌ಬೆರಾಟರ್ (ಟ್ಯಾಕ್ಸ್ ಸಲಹೆಗಾರ) ಇಲ್ದೆ ನೀವೇ ಫೈಲ್ ಮಾಡೋದಾದ್ರೆ ಜರ್ಮನಿಗೂ ಅದೇ ದಿನ. ಅದರ ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಬೇರೆ ಮುಗೀತು, ಹಾಗಾಗಿ "ಹಳೇ ಲ್ಯಾಪ್‌ಟಾಪ್ ಏನ್ ಮಾಡ್ಲಿ, ಲಿನಕ್ಸ್ ಹಾಕಿದ್ರೆ ಟ್ಯಾಕ್ಸ್ ಕೆಲಸ ನಿಂತ್ಹೋಗುತ್ತಾ" ಅಂತ ಕೇಳೋರು ಜಾಸ್ತಿ ಆಗಿದಾರೆ. ಎರಡೂ ಪ್ರಶ್ನೆಗೆ ಒಟ್ಟಿಗೇ ಉತ್ತರ ಬರೀತಿದೀನಿ, ಯಾಕಂದ್ರೆ ಮೊದಲು ನಿಮ್ಮ ಟ್ಯಾಕ್ಸ್ ಕೆಲಸ ಏನೇನಿದೆ ಅಂತ ಗೊತ್ತಾದ್ರೆ ಓಎಸ್ (ವಿಂಡೋಸ್, ಲಿನಕ್ಸ್ ಥರದ ಆಪರೇಟಿಂಗ್ ಸಿಸ್ಟಂ) ಯಾವುದು ಅನ್ನೋದು ತಾನಾಗೇ ಗೊತ್ತಾಗುತ್ತೆ, ಉಲ್ಟಾ ಮಾಡಿದ್ರೆ ಮಾತ್ರ ಒದ್ದಾಟ.

ಹಂತ 1: ಕಂಪ್ಯೂಟರಲ್ಲಿ ಮಾಡಬೇಕಾದ ಟ್ಯಾಕ್ಸ್ ಕೆಲಸ ಪಟ್ಟಿ ಮಾಡಿ

ಒಂದು ಹಾಳೆ ತಗೊಳ್ಳಿ. ಜರ್ಮನಿ ಕಡೆ ಏನಿದೆ? ಎಲ್ಸ್ಟರ್, ಅಂದ್ರೆ ಅಲ್ಲಿನ ಸರ್ಕಾರದ ಟ್ಯಾಕ್ಸ್ ಪೋರ್ಟಲ್. ಅದು ಪೂರ್ತಿ ಬ್ರೌಸರಲ್ಲೇ ನಡೆಯುತ್ತೆ, ಹಿಂದೆ ಎಲ್ಸ್ಟರ್‌ಫಾರ್ಮುಲಾರ್ ಅಂತ ವಿಂಡೋಸ್‌ಗೆ ಮಾತ್ರ ಒಂದು ಸಾಫ್ಟ್‌ವೇರ್ ಇತ್ತು, ಅದನ್ನ ನಿಲ್ಲಿಸಿ ವರ್ಷಗಳಾಯ್ತು. ಫೈರ್‌ಫಾಕ್ಸ್ ಓಡೋ ಮಷೀನ್ ಇದ್ರೆ ಸಾಕು. ವೀಸೋ ಸ್ಟೋಯರ್ ಥರದ ಟ್ಯಾಕ್ಸ್ ತುಂಬೋ ಪ್ಯಾಕೇಜ್ ಬಳಸೋ ಅಭ್ಯಾಸ ಇದ್ರೆ ಅದರ ಇನ್‌ಸ್ಟಾಲ್ ಮಾಡೋ ವರ್ಷನ್ ವಿಂಡೋಸ್‌ಗೆ ಮತ್ತು ಮ್ಯಾಕ್‌ಗೆ ಮಾತ್ರ ಸಿಗುತ್ತೆ, ಲಿನಕ್ಸಲ್ಲಿ ಅದರ ಬ್ರೌಸರ್ ವರ್ಷನ್ ಬಳಸಬೇಕು.

ಭಾರತದ ಕಡೆ ಎನ್‌ಆರ್‌ಐಗಳಿಗೆ ಐಟಿಆರ್-1 ಬರಲ್ಲ, ಐಟಿಆರ್-4 ಕೂಡ ಬರಲ್ಲ. ಬಡ್ಡಿ, ಬಾಡಿಗೆ, ಶೇರು ಇಷ್ಟೇ ಇದ್ರೆ ಐಟಿಆರ್-2, ಬಿಸಿನೆಸ್ ಇದ್ರೆ ಐಟಿಆರ್-3. ಐಟಿಆರ್-2 ಅನ್ನ ಪೋರ್ಟಲಲ್ಲೇ ಆನ್‌ಲೈನ್ ತುಂಬಬಹುದು, ಅದಕ್ಕೂ ಬ್ರೌಸರ್ ಸಾಕು. ವಿಂಡೋಸ್ ಬೇಕಾಗೋದು ಯಾವಾಗ ಅಂದ್ರೆ ಎಕ್ಸೆಲ್ ಯುಟಿಲಿಟಿ ಡೌನ್‌ಲೋಡ್ ಮಾಡ್ಕೊಂಡು ಆಫ್‌ಲೈನ್ ತುಂಬೋವಾಗ. ಅದು ಮೈಕ್ರೋಸಾಫ್ಟ್ ಎಕ್ಸೆಲ್ ಮ್ಯಾಕ್ರೋ ಮೇಲೆ ನಿಂತಿರೋ ಫೈಲು, ಲಿಬ್ರೆಆಫೀಸಲ್ಲಿ ಶೀಟ್ ಓಪನ್ ಆದ್ರೂ ಅದನ್ನ ನಂಬ್ಕೊಂಡು ರಿಟರ್ನ್ ತುಂಬೋಕೆ ಹೋಗ್ಬೇಡಿ. ಸಾವಿರಾರು ಶೇರ್ ಟ್ರಾನ್ಸಾಕ್ಷನ್ ಇರೋರು, ಆಡಿಟ್ ಇರೋರು, ಯುಎಸ್‌ಬಿ ಟೋಕನಲ್ಲಿ ಡಿಜಿಟಲ್ ಸಹಿ ಹಾಕೋರು, ಈ ಮೂರು ಜನಕ್ಕೆ ವಿಂಡೋಸ್ ಒಂದು ಕೈಗೆ ಸಿಗೋ ಹಾಗೆ ಇರಲಿ. ಸಂಬಳ, ಬಡ್ಡಿ, ಒಂದು ಮನೆ ಬಾಡಿಗೆ ಇರೋರಿಗೆ ಇದ್ಯಾವುದೂ ಬೇಡ.

ಹಂತ 2: ಈಗಿರೋ ಮಷೀನ್ ನೋಡಿ, ಆಮೇಲೆ ಓಎಸ್

ವಿಂಡೋಸ್ 11 ಬೇಕಂದ್ರೆ ಟಿಪಿಎಂ 2.0 (ಒಂದು ಸೆಕ್ಯೂರಿಟಿ ಚಿಪ್), ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ ಆಮೇಲಿನ ಪ್ರೊಸೆಸರ್. ನಿಮ್ಮ ಮಷೀನ್ ಅದಕ್ಕೆ ಪಾಸ್ ಆದ್ರೆ, ವಿಂಡೋಸ್ ರೂಢಿ ಇದ್ರೆ, ಸುಮ್ನೆ ಅಪ್‌ಗ್ರೇಡ್ ಮಾಡ್ಕೊಳ್ಳಿ, ಬದಲಾಯಿಸೋಕೆ ಕಾರಣಾನೇ ಇಲ್ಲ. ಪಾಸ್ ಆಗ್ಲಿಲ್ಲ ಅಂದ್ರೆ ರಿಜಿಸ್ಟ್ರಿ ತಿದ್ದಿ ಬಲವಂತವಾಗಿ ಹಾಕೋ ವಿಡಿಯೋಗಳು ತುಂಬಾ ಸಿಗ್ತವೆ, ಟ್ಯಾಕ್ಸು ಬ್ಯಾಂಕು ಎರಡೂ ಮಾಡೋ ಮಷೀನಲ್ಲಿ ಅದು ಬೇಡ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಯುರೋಪಲ್ಲಿ ಇರೋರಿಗೆ ವಿಂಡೋಸ್ 10ರ ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಫ್ರೀ ಕೊಟ್ಟಿದಾರೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಅದನ್ನ ಆನ್ ಮಾಡ್ಕೋಬೇಕು. ಅಷ್ಟರೊಳಗೆ ಏನು ಮಾಡೋದು ಅಂತ ನಿರ್ಧಾರ ಮಾಡೋಕೆ ಟೈಮ್ ಸಿಗುತ್ತೆ.

ಮ್ಯಾಕ್ ಈಗಾಗಲೇ ಇದ್ರೆ ಅದೇ ಸಾಕು, ಎಲ್ಸ್ಟರ್ರೂ ಐಟಿಆರ್-2ನೂ ಸಫಾರಿಲೋ ಕ್ರೋಮಲ್ಲೋ ಆಗುತ್ತೆ. ಟ್ಯಾಕ್ಸ್‌ಗೋಸ್ಕರ ಮ್ಯಾಕ್ ಕೊಳ್ಳೋದು ಮಾತ್ರ ದುಡ್ಡು ದಂಡ.

ಹಳೇ ಲ್ಯಾಪ್‌ಟಾಪ್ ಇರೋರಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್. 22ನೇ ಸೀರೀಸ್‌ಗೆ 2029ರವರೆಗೆ ಅಪ್‌ಡೇಟ್ ಇದೆ, ಉಬುಂಟು 24.04 ಆದ್ರೂ ಅಷ್ಟೇ. ಮಿಂಟ್ ನೋಡೋಕೆ ಹಳೇ ವಿಂಡೋಸ್ ಥರಾನೇ ಕೆಳಗೆ ಪಟ್ಟಿ, ಎಡಗಡೆ ಮೆನು, ಮನೇಲಿ ಇರೋ ಹೆಂಡ್ತಿ ಮಕ್ಕಳೂ ಎರಡು ದಿನಕ್ಕೆ ಒಗ್ಗಿಕೊಳ್ತಾರೆ.

ಇನ್‌ಸ್ಟಾಲ್ ಮಾಡೋಕೆ ಮುಂಚೆ ಲೈವ್ ಯುಎಸ್‌ಬಿ ಮಾಡಿ ಒಂದು ಸಂಜೆ ಪೂರ್ತಿ ಅದರಲ್ಲೇ ಕೆಲಸ ಮಾಡಿ ನೋಡಿ. 8 ಜಿಬಿ ಪೆನ್‌ಡ್ರೈವ್, ವಿಂಡೋಸಲ್ಲಿ ರೂಫಸ್ ಅಥವಾ ಬಲೇನಾ ಎಚರ್, ಐಎಸ್‌ಓ (ಮಿಂಟಿನ ಇನ್‌ಸ್ಟಾಲ್ ಫೈಲ್) ಬರೆದು ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತಿ. ಹಾರ್ಡ್‌ಡಿಸ್ಕ್ ಮುಟ್ಟದೇನೇ ಮಿಂಟ್ ಓಪನ್ ಆಗುತ್ತೆ. ವೈಫೈ ಬಂತಾ, ಪ್ರಿಂಟರ್ ಪ್ರಿಂಟ್ ತೆಗೀತಾ, ಸ್ಕ್ಯಾನರ್ ಬಂತಾ, ವೆಬ್‌ಕ್ಯಾಮಲ್ಲಿ ಮುಖ ಕಾಣುತ್ತಾ (ಬ್ಯಾಂಕಿನವರ ವಿಡಿಯೋ ಕೆವೈಸಿಗೆ ಬೇಕು), ಎಲ್ಸ್ಟರ್ ಲಾಗಿನ್ ಪುಟ ಬಂತಾ, ಭಾರತದ ಇ-ಫೈಲಿಂಗ್ ಪೋರ್ಟಲಲ್ಲಿ ಲಾಗಿನ್ ಆಗಿ ಎಐಎಸ್ (ನಿಮ್ಮ ಆದಾಯದ ಬಗ್ಗೆ ಇಲಾಖೆ ಹತ್ರ ಇರೋ ಪಟ್ಟಿ) ಪಿಡಿಎಫ್ ಡೌನ್‌ಲೋಡ್ ಆಯ್ತಾ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ, ಪ್ಯಾನ್ ಸಣ್ಣ ಅಕ್ಷರದಲ್ಲಿ, ಅದಕ್ಕೆ ಅಂಟಿಕೊಂಡು ಹುಟ್ಟಿದ ದಿನ ತಿಂಗಳು ವರ್ಷ ಎಂಟು ಅಂಕಿ. ಇವೆಲ್ಲ ಆದ್ರೆ ಮಾತ್ರ ಇನ್‌ಸ್ಟಾಲ್ ಬಟನ್ ಒತ್ತಿ.

ಹಂತ 3: ಡಿಸ್ಕ್ ಒರೆಸೋ ಮುಂಚೆ ಪಿಎಫ್‌ಎಕ್ಸ್ ಫೈಲ್ ಎತ್ತಿಟ್ಕೊಳ್ಳಿ

ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸುತ್ತೆ. ಎಲ್ಸ್ಟರ್‌ಗೆ ರಿಜಿಸ್ಟರ್ ಆದಾಗ ನಿಮ್ಮ ಕೈಗೆ ಒಂದು ಸರ್ಟಿಫಿಕೇಟ್ ಫೈಲ್ ಬರುತ್ತೆ, ಕೊನೇಲಿ ಪಿಎಫ್‌ಎಕ್ಸ್ ಅಂತ ಇರುತ್ತೆ, ಅದು ಮತ್ತೆ ಅದರ ಪಾಸ್‌ವರ್ಡ್ ಎರಡೂ ಇದ್ರೇನೇ ಲಾಗಿನ್. ನಾನು ಮೊದಲ ಸಲ ವಿಂಡೋಸ್ ತೆಗೆದು ಮಿಂಟ್ ಹಾಕಿದಾಗ ಫೋಟೋ ಎಲ್ಲ ಕಾಪಿ ಮಾಡ್ಕೊಂಡೆ, ಸಂಬಳದ ಚೀಟಿ ಕಾಪಿ ಮಾಡ್ಕೊಂಡೆ, ಡೌನ್‌ಲೋಡ್ಸ್ ಫೋಲ್ಡರಲ್ಲಿ ಕೂತಿದ್ದ ಆ ಪುಟಾಣಿ ಫೈಲ್ ಮರೆತೆ. ಜುಲೈ ಎರಡನೇ ವಾರ. ಮತ್ತೆ ರಿಜಿಸ್ಟರ್ ಮಾಡಿ, ಆಕ್ಟಿವೇಷನ್ ಕೋಡ್ ಪೋಸ್ಟಲ್ಲಿ ಬರೋವರೆಗೆ ದಿನಾ ಸಂಜೆ ಲೆಟರ್‌ಬಾಕ್ಸ್ ತೆಗೆದು ನೋಡೋದು, ಬೆಳಗ್ಗೆ ಮತ್ತೆ ಕಾಯೋದು. ಕೋಡ್ ಬಂದಾಗ ಕೈಲಿ ನಾಲ್ಕು ದಿನ ಉಳಿದಿತ್ತು. ಆ ಸಂಕಟ ಯಾರಿಗೂ ಬೇಡ. ಈಗ ಆ ಫೈಲ್ ಎರಡು ಪೆನ್‌ಡ್ರೈವಲ್ಲಿದೆ, ಪಾಸ್‌ವರ್ಡ್ ಕೀಪಾಸ್‌ಎಕ್ಸ್‌ಸಿಲಿ ಇದೆ, ಆ ಪಾಸ್‌ವರ್ಡ್ ಮ್ಯಾನೇಜರ್ ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಓಪನ್ ಆಗುತ್ತೆ. ಸರ್ಟಿಫಿಕೇಟ್ ಆಯಸ್ಸು 3 ವರ್ಷ, ಮುಗಿಯೋ ಮುಂಚೆ ರಿನ್ಯೂ ಮಾಡ್ಕೊಳ್ಳಿ, ಇಲ್ಲಾಂದ್ರೆ ಮತ್ತೆ ಅದೇ ಪೋಸ್ಟಿನ ಕಥೆ.

ಇನ್ನೊಂದು ಎಚ್ಚರಿಕೆ, ಮಿಂಟಲ್ಲಿ ಟೈಮ್‌ಶಿಫ್ಟ್ ಅಂತ ಒಂದಿದೆ, ಅದನ್ನ ನೋಡಿ ಬ್ಯಾಕಪ್ ಆಯ್ತು ಅಂತ ನಿರಾಳ ಆಗ್ಬೇಡಿ, ಅದು ಸಿಸ್ಟಂ ಫೈಲ್ ಉಳಿಸೋಕೆ ಇರೋದು, ನಿಮ್ಮ ಹೋಮ್ ಫೋಲ್ಡರನ್ನ ತಾನಾಗಿ ತಗೊಳ್ಳಲ್ಲ. ನಿಮ್ಮ ಡಾಕ್ಯುಮೆಂಟ್ಸ್ ಬೇರೆಯಾಗಿ ಒಂದು ಹೊರಗಿನ ಡಿಸ್ಕ್‌ಗೆ ಹಾಕಿ. ಇನ್‌ಸ್ಟಾಲ್ ಮಾಡೋವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡೋ ಆಯ್ಕೆನ ಟಿಕ್ ಮಾಡಿ, ಪ್ಯಾನು, ಪಾಸ್‌ಪೋರ್ಟು, ಸಂಬಳದ ಚೀಟಿ ಎಲ್ಲ ಅದರೊಳಗೇ ಇರುತ್ತೆ, ಲ್ಯಾಪ್‌ಟಾಪ್ ಟ್ರೈನಲ್ಲಿ ಬಿಟ್ಟು ಇಳಿದ್ರೂ ಯಾರೂ ಓದೋಕಾಗಲ್ಲ. ಮ್ಯಾಕಲ್ಲಿ ಫೈಲ್‌ವಾಲ್ಟ್, ವಿಂಡೋಸ್ ಪ್ರೋದಲ್ಲಿ ಬಿಟ್‌ಲಾಕರ್.

ಕನ್ನಡ ಬೇಕೇ ಬೇಕಲ್ವಾ, ಬಾಡಿಗೆ ಕರಾರು, ಖಾತಾ, ಪಹಣಿ ಎಲ್ಲ ಕನ್ನಡದಲ್ಲೇ ಬರೋದು. ಲಿನಕ್ಸಲ್ಲಿ ಐಬಸ್ ಜೊತೆ ಎಂ17ಎನ್ (ಎರಡೂ ಟೈಪಿಂಗ್ ಸಾಫ್ಟ್‌ವೇರ್) ಹಾಕಿದ್ರೆ ಕಗಪ ಲೇಔಟ್ ಸಿಗುತ್ತೆ, ನುಡಿ ಬಳಸಿ ಕೈ ಪಳಗಿರೋರಿಗೆ ಅದೇ ಕೀಲಿಮಣೆ. ಡೆಬಿಯನ್, ಉಬುಂಟು, ಮಿಂಟ್ ಮೂರಕ್ಕೂ ಗುಬ್ಬಿ, ನವಿಲು ಅಂತ ಫಾಂಟ್ ಪ್ಯಾಕೇಜ್ ಇದಾವೆ, ಹಾಕ್ಕೊಳ್ಳಿ, ನೋಡೋಕೆ ಚೆನ್ನಾಗಿವೆ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿರೋ ವರ್ಡ್ ಫೈಲ್ ಊರಿಂದ ಬಂದ್ರೆ ಯಾವ ಓಎಸ್ಸಲ್ಲೂ ಫಾಂಟ್ ಇಲ್ದೆ ಗೀಚಿದ ಹಾಗೆ ಕಾಣುತ್ತೆ, ಪಿಡಿಎಫ್ ಮಾಡಿ ಕಳ್ಸಿ ಅಂತ ಹೇಳೋದೇ ಸುಲಭ.

ಹಂತ 4: ನೀವು ಯಾವ ದೇಶದ ರೆಸಿಡೆಂಟ್ ಅಂತ ದಿನ ಎಣಿಸಿ

ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಜರ್ಮನಿದು ಜನವರಿಯಿಂದ ಡಿಸೆಂಬರ್, ಎಲ್ಲ ಗೊಂದಲದ ಬೇರು ಇಲ್ಲೇ. ಕೆಲಸಕ್ಕೆ ಅಂತ ದೇಶ ಬಿಟ್ಟ ಭಾರತೀಯರು ಆ ಏಪ್ರಿಲ್-ಮಾರ್ಚ್ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ರೆ ಆ ವರ್ಷಕ್ಕೆ ಎನ್‌ಆರ್‌ಐ. ಅಂದ್ರೆ ಸೆಪ್ಟೆಂಬರ್ ಕೊನೆಗೆ ಮುಂಚೆ ಹೊರಟವರು ಆ ವರ್ಷಾನೇ ಎನ್‌ಆರ್‌ಐ ಆಗ್ತಾರೆ, ಡಿಸೆಂಬರಲ್ಲಿ ಹೊರಟವರು ಆಗಲ್ಲ. ಡಿಸೆಂಬರಲ್ಲಿ ಬಂದವರು ಜರ್ಮನಿಯ ಜನವರಿಯಿಂದ ಮಾರ್ಚ್‌ವರೆಗಿನ ಸಂಬಳಾನೂ ಆ ವರ್ಷದ ಭಾರತದ ರಿಟರ್ನಲ್ಲಿ ತೋರಿಸಬೇಕಾಗುತ್ತೆ, ಇಲ್ಲಿ ಕಟ್ಟಿದ ಟ್ಯಾಕ್ಸ್‌ಗೆ ಕ್ರೆಡಿಟ್ ಬೇಕಂದ್ರೆ ಫಾರ್ಮ್ 67 ಹಾಕಬೇಕು, ಜರ್ಮನ್ ಬ್ಯಾಂಕ್ ಅಕೌಂಟನ್ನ ವಿದೇಶಿ ಆಸ್ತಿ ಶೆಡ್ಯೂಲಲ್ಲಿ ಬರೀಬೇಕು. ತುಂಬಾ ಜನ ಇದನ್ನ ಬಿಟ್ಬಿಡ್ತಾರೆ.

ಜರ್ಮನಿ ಕಡೆ, ಇಲ್ಲಿ ಮನೆ ಮಾಡ್ಕೊಂಡು ಇದ್ರೆ ಇಡೀ ಪ್ರಪಂಚದ ಆದಾಯ ಇಲ್ಲಿ ಹೇಳಬೇಕು. ಬಂದ ವರ್ಷ ಜನವರಿಯಿಂದ ಜೂನ್‌ವರೆಗೆ ಬೆಂಗಳೂರಲ್ಲಿ ಸಂಬಳ ತಗೊಂಡಿದ್ರೆ ಅದರ ಮೇಲೆ ಜರ್ಮನಿ ಟ್ಯಾಕ್ಸ್ ಹಾಕಲ್ಲ, ಆದ್ರೆ ಇಲ್ಲಿನ ಸಂಬಳಕ್ಕೆ ಎಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕೋವಾಗ ಅದನ್ನೂ ಸೇರಿಸಿ ನೋಡುತ್ತೆ, ಆನ್ಲಾಗೆ ಡಬ್ಲ್ಯುಎ-ಇಎಸ್‌ಟಿ ಅನ್ನೋ ಫಾರ್ಮಲ್ಲಿ ಬರೀಬೇಕು (ಆನ್ಲಾಗೆ ಅಂದ್ರೆ ರಿಟರ್ನ್ ಜೊತೆಗಿನ ಅನುಬಂಧ). ಹೆಂಡ್ತಿ ಇನ್ನೂ ಊರಲ್ಲೇ ಇದ್ರೆ ಮದುವೆ ಆಗಿದೆ ಅಂತ ಸ್ಟೋಯರ್‌ಕ್ಲಾಸ್ 3 (ಸಂಬಳದಿಂದ ಕಮ್ಮಿ ಟ್ಯಾಕ್ಸ್ ಹಿಡಿಯೋ ವರ್ಗ) ಸಿಗಲ್ಲ, ಅವರು ಇಲ್ಲಿಗೆ ಬಂದು ವಿಳಾಸ ನೋಂದಣಿ ಆಗೋವರೆಗೂ ಕ್ಲಾಸ್ 1.

ಹಂತ 5: ಎನ್‌ಆರ್‌ಓ ಬಡ್ಡಿ ಲೆಕ್ಕ, ನಿಧಾನವಾಗಿ ಓದಿ

ದುಡ್ಡು ಸೋರಿ ಹೋಗೋದು ಇಲ್ಲೇ. ಎನ್‌ಆರ್‌ಓ ಎಫ್‌ಡಿಲಿ ವರ್ಷಕ್ಕೆ 1,00,000 ರೂಪಾಯಿ ಬಡ್ಡಿ ಬಂತು ಅಂದ್ಕೊಳ್ಳಿ. ಬ್ಯಾಂಕು 30 ಪರ್ಸೆಂಟ್ ಮತ್ತೆ ಅದರ ಮೇಲೆ ಸೆಸ್ ಸೇರಿ 31,200 ಹಿಡ್ಕೊಳ್ಳುತ್ತೆ. ಭಾರತ-ಜರ್ಮನಿ ಡಬಲ್ ಟ್ಯಾಕ್ಸ್ ಒಪ್ಪಂದದ ಪ್ರಕಾರ ಬಡ್ಡಿ ಮೇಲೆ ಭಾರತ ತಗೊಳ್ಳಬಹುದಾಗಿರೋದು ಹೆಚ್ಚಂದ್ರೆ 10 ಪರ್ಸೆಂಟ್, ಅಂದ್ರೆ 10,000. ಉಳಿದ 21,200 ನಿಮ್ಮದು, ಆದ್ರೆ ಐಟಿಆರ್-2 ಫೈಲ್ ಮಾಡಿ ಕೇಳಿದ್ರೆ ಮಾತ್ರ. ಜರ್ಮನಿ ಆ 31,200 ಪೂರ್ತಿಗೆ ಕ್ರೆಡಿಟ್ ಕೊಡಲ್ಲ, 10,000ಕ್ಕೆ ಮಾತ್ರ, "ವಾಪಸ್ ಸಿಗಬಹುದಾದ ಟ್ಯಾಕ್ಸ್ ಅಲ್ಲೇ ಕೇಳ್ಕೊಳ್ಳಿ" ಅಂತಾರೆ. ಹಾಗಾಗಿ "ಟಿಡಿಎಸ್ ಕಟ್ ಆಗಿದೆಯಲ್ಲ, ಮುಗೀತು" ಅಂತ ಸುಮ್ನಾದ್ರೆ ಎರಡೂ ಕಡೆ ನಷ್ಟ.

ಇದರೊಳಗೆ ಇನ್ನೊಂದು ಇದೆ. ಭಾರತದಲ್ಲಿ ನಿಮ್ಮ ಒಟ್ಟು ಆದಾಯ ಬೇಸಿಕ್ ಎಕ್ಸೆಂಪ್ಷನ್‌ಗಿಂತ ಕಮ್ಮಿ ಇದ್ರೆ (2025-26ಕ್ಕೆ ಹೊಸ ರೆಜೀಮಲ್ಲಿ 4 ಲಕ್ಷ) 31,200 ಪೂರ್ತಿ ವಾಪಸ್ ಬರುತ್ತೆ, ಆಗ ಜರ್ಮನಿಲಿ ಕ್ರೆಡಿಟ್ ಅಂತ ಏನೂ ಬರೀಬಾರದು, ಸೊನ್ನೆ. 87ಎ ರಿಬೇಟ್ ಮಾತ್ರ ಎನ್‌ಆರ್‌ಐಗಳಿಗೆ ಇಲ್ಲ, ಹಾಗಾಗಿ 12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅನ್ನೋ ಸುದ್ದಿ ಓದಿ ನಮಗೂ ಅಂತ ಅಂದ್ಕೋಬೇಡಿ. 10 ಪರ್ಸೆಂಟ್ ರೇಟ್ ಬೇಕಂದ್ರೆ ನಿಮ್ಮ ಫಿನಾನ್ಸಾಮ್ಟಿಂದ (ಜರ್ಮನ್ ಟ್ಯಾಕ್ಸ್ ಆಫೀಸು) ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ತಗೊಂಡು, ಪೋರ್ಟಲಲ್ಲಿ ಫಾರ್ಮ್ 10ಎಫ್ ತುಂಬಿ, ಎರಡನ್ನೂ ಬ್ಯಾಂಕಿಗೆ ಮೊದಲೇ ಕೊಟ್ರೆ ಅವರು ಅಷ್ಟೇ ಹಿಡೀತಾರೆ.

ಎನ್‌ಆರ್‌ಇ (ಹೊರದೇಶದ ದುಡಿಮೆ ಇಡೋ ಖಾತೆ) ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಅದು ನಿಜ. ಜರ್ಮನಿಲಿ ಇದೆ, ಅದೂ ನಿಜ. ವರ್ಷಕ್ಕೆ ಒಬ್ಬರಿಗೆ 1,000 ಯೂರೋವರೆಗಿನ ಬಡ್ಡಿ ಡಿವಿಡೆಂಡ್‌ಗೆ ವಿನಾಯಿತಿ, ಅದನ್ನ ದಾಟಿದ್ದಕ್ಕೆ 25 ಪರ್ಸೆಂಟ್ ಮತ್ತೆ ಅದರ ಮೇಲೆ ಸೋಲಿ ಅನ್ನೋ ಸರ್ಚಾರ್ಜು, ಒಟ್ಟು 26.375 ಪರ್ಸೆಂಟ್. ಇದನ್ನ ಆನ್ಲಾಗೆ ಕಾಪಲ್ಲಿ ವಿದೇಶಿ ಬಡ್ಡಿ ಸಾಲಲ್ಲಿ ಬರೀಬೇಕು. ಮುಚ್ಚಿಟ್ರೆ ಗೊತ್ತಾಗಲ್ಲ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಎರಡೂ ದೇಶ 2017ರಿಂದ ಬ್ಯಾಂಕ್ ಅಕೌಂಟ್ ಮಾಹಿತಿ ಹಂಚಿಕೊಳ್ಳೋ ವ್ಯವಸ್ಥೆಲಿ ಇದಾವೆ.

ಲೆಕ್ಕ ಹಾಕೋಕೆ ಲಿಬ್ರೆಆಫೀಸ್ ಕ್ಯಾಲ್ಕಲ್ಲಿ ನಾನು ಒಂದೇ ಶೀಟ್ ಇಟ್ಟಿದೀನಿ. ಸೇವಿಂಗ್ಸ್ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬೀಳುತ್ತೆ, ಎಷ್ಟೋ ಬ್ಯಾಂಕಲ್ಲಿ ಮಾರ್ಚ್ 31, ಜೂನ್ 30, ಸೆಪ್ಟೆಂಬರ್ 30, ಡಿಸೆಂಬರ್ 31. ಒಂದೊಂದು ಸಾಲಲ್ಲಿ ತಾರೀಖು, ರೂಪಾಯಿ, ಟಿಡಿಎಸ್, ಆ ದಿನದ ಯೂರೋ ರೇಟು, ಯೂರೋ ಮೊತ್ತ. ಕೊನೇಲಿ ಎರಡು ಕಾಲಂ, ಒಂದರಲ್ಲಿ ಜರ್ಮನಿ ವರ್ಷ, ಇನ್ನೊಂದರಲ್ಲಿ ಭಾರತದ ವರ್ಷ. ಮಾರ್ಚ್ 31ರ ಸಾಲು ಜರ್ಮನಿಗೆ ಈ ವರ್ಷ, ಭಾರತಕ್ಕೆ ಹಿಂದಿನ ಏಪ್ರಿಲ್‌ನಿಂದ ಶುರುವಾದ ವರ್ಷ. ಆ ಎರಡು ಕಾಲಂ ಹಾಕಿದ ಮೇಲೆ ಒಟ್ಟು ತೆಗೆಯೋದು ಐದು ನಿಮಿಷದ ಕೆಲಸ.

ಬಾಡಿಗೆ ಬಗ್ಗೆ ಚಿಕ್ಕದಾಗಿ. ಓನರ್ ಎನ್‌ಆರ್‌ಐ ಆದ್ರೆ ಬಾಡಿಗೆದಾರರು 31.2 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು, ಬಾಡಿಗೆ ಎಷ್ಟೇ ಕಮ್ಮಿ ಇರಲಿ. ಪಾಪ ಅವರಿಗೆ ಗೊತ್ತೇ ಇರಲ್ಲ, ಕರಾರು ಮಾಡೋವಾಗಲೇ ಹೇಳಿ. ಆ ಬಾಡಿಗೆನ ಜರ್ಮನ್ ರಿಟರ್ನಲ್ಲೂ ತೋರಿಸಬೇಕು.

ಹಂತ 6: ಎಲ್ಸ್ಟರಲ್ಲಿ ತುಂಬೋದು, ಬಿಡಬಾರದ ಖರ್ಚು

ಲಾಗಿನ್ ಆಗಿ ನಿಮ್ಮ 11 ಅಂಕಿಯ ಸ್ಟೋಯರ್ ಐಡಿ (ಟ್ಯಾಕ್ಸ್ ನಂಬರ್) ಹಾಕಿ, ಮೊದಲು ಸರ್ಕಾರದ ಹತ್ರ ಇರೋ ಮಾಹಿತಿನ ಎಳ್ಕೊಳ್ಳಿ, ಸಂಬಳ, ಹೆಲ್ತ್ ಇನ್ಶೂರೆನ್ಸ್, ಪೆನ್ಷನ್ ಎಲ್ಲ ತಾನಾಗೇ ಬಂದು ಕೂರುತ್ತೆ. ಆಮೇಲೆ ಆನ್ಲಾಗೆ ಎನ್, ಅಂದ್ರೆ ಸಂಬಳದವರ ಅನುಬಂಧ. ಕೆಲಸದ ಖರ್ಚಿಗೆ ಏನೂ ಕೇಳದೆ 1,230 ಯೂರೋ ಆದಾಯದಿಂದ ಕಳೀತಾರೆ, ನಿಮ್ಮ ಖರ್ಚು ಅದಕ್ಕಿಂತ ಜಾಸ್ತಿ ಇದ್ರೆ ಮಾತ್ರ ಬರೆದು ಲಾಭ. ಮನೆಯಿಂದ ಕೆಲಸ ಮಾಡಿದ ದಿನಕ್ಕೆ 6 ಯೂರೋ, ವರ್ಷಕ್ಕೆ 1,260ರವರೆಗೆ.

ಓಎಸ್ ಕಥೆಗೂ ಟ್ಯಾಕ್ಸ್ ಕಥೆಗೂ ನೇರ ಸಂಬಂಧ ಇರೋದು ಇಲ್ಲಿ. 2021ರಿಂದ ಕಂಪ್ಯೂಟರ್, ಸಾಫ್ಟ್‌ವೇರ್ ಆಯಸ್ಸನ್ನ ಒಂದೇ ವರ್ಷ ಅಂತ ಲೆಕ್ಕ ಹಾಕೋಕೆ ಬಿಟ್ಟಿದಾರೆ, ಹಾಗಾಗಿ ವಿಂಡೋಸ್ 11ಗೋಸ್ಕರ ಹೊಸ ಲ್ಯಾಪ್‌ಟಾಪ್ ತಗೊಂಡ್ರೆ ಅದನ್ನ ಆಫೀಸ್ ಕೆಲಸಕ್ಕೆ ಎಷ್ಟು ಬಳಸ್ತೀರೋ ಅಷ್ಟು ಭಾಗನ ಕೊಂಡ ವರ್ಷವೇ ಖರ್ಚು ಅಂತ ಹಾಕಬಹುದು. 1,000 ಯೂರೋ ಮಷೀನು, ಅರ್ಧ ಕೆಲಸಕ್ಕೆ ಅಂದ್ರೆ 500. ಬಿಲ್ ಇಟ್ಕೊಳ್ಳಿ, ಕಳಿಸೋದು ಬೇಡ, ಕೇಳಿದ್ರೆ ತೋರಿಸಬೇಕು.

ಅಪ್ಪ ಅಮ್ಮಂಗೆ ಊರಿಗೆ ದುಡ್ಡು ಕಳಿಸ್ತಿದ್ರೆ ಆನ್ಲಾಗೆ ಉಂಟರ್‌ಹಾಲ್ಟ್ (ಮನೆಯವರನ್ನ ಸಾಕೋ ಖರ್ಚನ್ನ ಆದಾಯದಿಂದ ಕಳೆಯೋ ಅನುಬಂಧ) ಬಿಡ್ಬೇಡಿ. ಪೂರ್ತಿ ಮಿತಿ 2025ಕ್ಕೆ 12,096 ಯೂರೋ, ಭಾರತದಲ್ಲಿ ಇರೋರಿಗೆ ಅದರ ನಾಲ್ಕನೇ ಒಂದು ಭಾಗ, ಅಂದ್ರೆ ಒಬ್ಬರಿಗೆ 3,024. ಅವರ ಪೆನ್ಷನ್ನು ಬೇರೆ ಆದಾಯ ಇದ್ರೆ ಅದಕ್ಕೆ ತಕ್ಕ ಹಾಗೆ ಕಮ್ಮಿ ಆಗುತ್ತೆ. 2025ರಿಂದ ಕೈಲಿ ಕೊಟ್ಟ ದುಡ್ಡು ಲೆಕ್ಕಕ್ಕಿಲ್ಲ, ಅವರ ಹೆಸರಿನ ಅಕೌಂಟ್‌ಗೆ ಬ್ಯಾಂಕಿಂದಾನೇ ಹೋಗಿರಬೇಕು. ಅಣ್ಣನ ಅಕೌಂಟ್‌ಗೆ ಹಾಕಿ "ಅಮ್ಮಂಗೆ ಕೊಡಪ್ಪ" ಅಂದ್ರೆ ನಡೆಯಲ್ಲ.

ಹಂತ 7: ಐಟಿಆರ್-2, ಓಟಿಪಿ, ವೆರಿಫಿಕೇಷನ್

ಪೋರ್ಟಲ್ ಪ್ರೊಫೈಲಲ್ಲಿ ಮೊದಲು ರೆಸಿಡೆನ್ಷಿಯಲ್ ಸ್ಟೇಟಸ್ ನೋಡಿ. 2023ರ ಜುಲೈಲಿ ಆಧಾರ್ ಲಿಂಕ್ ಆಗಿಲ್ಲ ಅಂತ ಎಷ್ಟೋ ಎನ್‌ಆರ್‌ಐಗಳ ಪ್ಯಾನ್ ನಿಷ್ಕ್ರಿಯ ಆಗಿದ್ದು ಅದನ್ನ ಅಪ್‌ಡೇಟ್ ಮಾಡದೆ ಇದ್ದದ್ದಕ್ಕೇ. ಆಮೇಲೆ 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ಟ್ಯಾಕ್ಸಿನ ಪಟ್ಟಿ), ಎಐಎಸ್ ಎರಡನ್ನೂ ಇಳಿಸಿ ನಿಮ್ಮ ಶೀಟ್ ಜೊತೆ ಒಂದೊಂದೇ ಸಾಲು ತಾಳೆ ಹಾಕಿ. ರಿಫಂಡ್ ಬರೋ ಎನ್‌ಆರ್‌ಓ ಅಕೌಂಟ್ ಪೋರ್ಟಲಲ್ಲಿ ಮೊದಲೇ ಪರಿಶೀಲನೆ (ಪ್ರೀ-ವ್ಯಾಲಿಡೇಟ್) ಆಗಿರಲಿ.

ಫೈಲ್ ಮಾಡಿ 30 ದಿನದೊಳಗೆ ವೆರಿಫೈ ಮಾಡ್ಲಿಲ್ಲ ಅಂದ್ರೆ ಆಮೇಲೆ ವೆರಿಫೈ ಮಾಡಿದ ದಿನಾನೇ ಫೈಲ್ ಮಾಡಿದ ದಿನ ಅಂತ ಲೆಕ್ಕ, ಕೊನೆ ದಿನ ದಾಟಿದ್ರೆ ಲೇಟ್ ರಿಟರ್ನ್ ಆಗುತ್ತೆ, ವೆರಿಫೈ ಮಾಡ್ಲೇ ಇಲ್ಲ ಅಂದ್ರೆ ಮಾಡಿದ್ದೆಲ್ಲ ವ್ಯರ್ಥ. ಆಧಾರ್ ಓಟಿಪಿ ಬರೋದು ಭಾರತದ ನಂಬರ್‌ಗೆ, ಹಾಗಾಗಿ ಆ ಸಿಮ್‌ಗೆ ರೋಮಿಂಗ್ ಆನ್ ಇಟ್ಟು ಕಾಲಕಾಲಕ್ಕೆ ರೀಚಾರ್ಜ್ ಮಾಡಿ, ನನ್ನ ಪ್ರಕಾರ ಓಎಸ್‌ಗಿಂತ ದೊಡ್ಡ ವಿಷಯ ಇದು. ಸಿಮ್ ಇಲ್ಲ ಅಂದ್ರೆ ನೆಟ್‌ಬ್ಯಾಂಕಿಂಗ್ ಮೂಲಕ ಪೋರ್ಟಲ್‌ಗೆ ಹೋಗಿ ವೆರಿಫೈ ಮಾಡಬಹುದು, ಯಾವ ಓಎಸ್ ಆದ್ರೂ ಸರಿ. ಅದೂ ಆಗ್ಲಿಲ್ಲ ಅಂದ್ರೆ ಐಟಿಆರ್-ವಿ (ಫೈಲ್ ಮಾಡಿದ್ದರ ರಸೀದಿ) ಪ್ರಿಂಟ್ ತೆಗೆದು ನೀಲಿ ಇಂಕಲ್ಲಿ ಸಹಿ ಹಾಕಿ ಪೋಸ್ಟ್ ಮಾಡೋದು. ಇಡೀ ದೇಶದ ರಿಟರ್ನ್ ಹೋಗೋ ಆ ಸೆಂಟರ್ ಇರೋದು ನಮ್ಮ ಬೆಂಗಳೂರಲ್ಲೇ, ಪಿನ್ 560500. ಜರ್ಮನಿಯಿಂದ ಪೋಸ್ಟ್ ತಲುಪೋಕೆ ಹಿಡಿಯೋ ದಿನಾನೂ ಆ 30ರೊಳಗೇ ಬರುತ್ತೆ, ನೆನಪಿರಲಿ.

ಅತ್ತ ಜರ್ಮನಿಯಿಂದ ಬೆಶೈಡ್ ಅಂತ ಆದೇಶದ ಪತ್ರ ಬರುತ್ತೆ. ಬಂದ ದಿನವೇ ಕೂತು ಎಲ್ಸ್ಟರಲ್ಲಿ ಉಳಿಸಿದ ನಿಮ್ಮ ಲೆಕ್ಕದ ಪಕ್ಕ ಇಟ್ಟು ನೋಡಿ, ಲ್ಯಾಪ್‌ಟಾಪ್ ಖರ್ಚನ್ನೋ ಅಮ್ಮಂಗೆ ಕಳಿಸಿದ್ದನ್ನೋ ಹೊಡೆದು ಹಾಕಿದ್ರೆ ಅದರಲ್ಲೇ ಕಾರಣ ಬರೆದಿರ್ತಾರೆ. ಒಪ್ಪಿಗೆ ಇಲ್ಲ ಅಂದ್ರೆ ಐನ್‌ಷ್ಪ್ರುಖ್ (ಆಕ್ಷೇಪಣೆ) ಹಾಕೋಕೆ ಇರೋದು ಒಂದೇ ತಿಂಗಳು, ಅದನ್ನೂ ಎಲ್ಸ್ಟರಿಂದಾನೇ ಕಳಿಸಬಹುದು, ಅದೇ ಪಿಎಫ್‌ಎಕ್ಸ್ ಫೈಲ್ ಹಾಕಿ.